ಶೀತ ತಂದವಳು ನೀನಲ್ಲ

ಭೂಮಿಕಾ, ನಿನ್ನ ಅಮ್ಮನಿಗೆ ಆ ಸೋಂಕು ಅಂಟಿಸಿದವಳು ನಾನು. ನೀನಲ್ಲ.

ಇಷ್ಟನ್ನು ಬರೆಯಲು ಎಂಟು ವರ್ಷ ಬೇಕಾಯಿತು. ಶಾಲೆಯಲ್ಲಿ ಗಣಿತ ಹೇಳುವಾಗ, ಉತ್ತರ ಮೊದಲು ಬರೆದು ಆಮೇಲೆ ಹಂತ ತುಂಬಬೇಡಿ ಎಂದು ಮಕ್ಕಳನ್ನು ಗದರುತ್ತೇನೆ. ಇಲ್ಲಿ ಉತ್ತರವನ್ನೇ ಮೊದಲು ಬರೆದಿದ್ದೇನೆ. ಹಂತಗಳಿಂದ ಶುರುಮಾಡಿದರೆ ನಡುವೆ ಎಲ್ಲೋ ನನ್ನ ಪರವಾಗಿ ಒಂದು ಮಾತು ನುಸುಳಿಬಿಡುತ್ತದೆ — ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಉಳಿದಿಲ್ಲ.

ಆಗ ನಿನಗೆ ಒಂಬತ್ತು ವರ್ಷ. ನಿನಗೆ ನಿಜವಾಗಿ ನೆನಪಿರುವುದೆಷ್ಟು, ದೊಡ್ಡವರ ಬಾಯಿಂದ ಕೇಳಿ ಕೇಳಿ ನೆನಪೆಂದುಕೊಂಡದ್ದೆಷ್ಟು, ನನಗೆ ತಿಳಿಯದು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನನ್ನ ಅಕ್ಕ, ನಿನ್ನ ಅಮ್ಮ, ಯಲ್ಲಾಪುರದ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಭಾವನ, ಅಂದರೆ ನಿನ್ನ ಅಪ್ಪನ, ಫೋಟೋ ಸ್ಟುಡಿಯೋ ಅಲ್ಲಿಂದ ನಾಲ್ಕು ಹೆಜ್ಜೆ. ಒಂದು ಬೇಸಿಗೆಯಲ್ಲಿ ಅವಳಿಗೆ ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರತೊಡಗಿತು. ತೊಡೆಯ ಮೇಲೆ ಎಲ್ಲೂ ತಾಗದೇ ನೀಲಿ ಕಲೆ. ಕಚೇರಿಯ ಮೂರು ಮೆಟ್ಟಿಲು ಹತ್ತಿ ನಿಂತು ಉಸಿರು ತಗೊಳ್ಳುತ್ತಿದ್ದಳಂತೆ. ಶಿರಸಿಯ ಡಾಕ್ಟರು ರಕ್ತದ ವರದಿ ನೋಡಿ, ಭಾವನನ್ನು ಮಾತ್ರ ಒಳಗೆ ಕರೆದು, ಇವತ್ತೇ ಬೆಂಗಳೂರಿಗೆ ಹೊರಡಿ ಎಂದರು. ಅಲ್ಲಿ ಮೂರನೆಯ ದಿನಕ್ಕೆ ರೋಗದ ಹೆಸರು ತಿಳಿಯಿತು. ಲ್ಯುಕೇಮಿಯಾ. ರಕ್ತದ ಕ್ಯಾನ್ಸರ್, ಅದರಲ್ಲೂ ಅವಸರದ ಜಾತಿಯದು.

ಕೀಮೋ ಕೊಟ್ಟರು. ರೋಗ ತಗ್ಗಿತು. ಆದರೆ ಔಷಧ ಒಂದರಿಂದಲೇ ಅದು ಹೋಗಿಬಿಡುವುದಿಲ್ಲ, ಮರಳುವ ಸಂಭವ ಹೆಚ್ಚು, ಬೇರೆಯವರ ಅಸ್ಥಿಮಜ್ಜೆಯನ್ನು ಕಸಿ ಮಾಡಬೇಕು ಎಂದರು. ಅಕ್ಕನಿಗೆ ಒಡಹುಟ್ಟಿದವಳೆಂದರೆ ನಾನೊಬ್ಬಳು. ಸಿದ್ದಾಪುರದಿಂದ ಹೋಗಿ ರಕ್ತ ಕೊಟ್ಟು ಬಂದೆ. ಹದಿನೈದು ದಿನಕ್ಕೆ ಭಾವನ ಫೋನ್ — ಪೂರ್ತಿ ಹೊಂದುತ್ತದೆ. ಅವತ್ತು ನಾನು ಒಂಬತ್ತನೇ ತರಗತಿಗೆ ಪಾಠ ಹೇಳುತ್ತಿದ್ದೆ. ಬೋರ್ಡಿನ ಕಡೆ ತಿರುಗಿ, ಮಕ್ಕಳಿಗೆ ಕಾಣದ ಹಾಗೆ ಅತ್ತೆ.

ನನ್ನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಅದು ಒಂದು ಚೀಲದಲ್ಲಿ, ಮಾಮೂಲಿ ರಕ್ತದ ಹಾಗೆಯೇ, ಅದೇ ಮಧ್ಯಾಹ್ನ ಅಕ್ಕನ ಎದೆಯ ನಳಿಕೆಯೊಳಗೆ ಇಳಿಯಿತು. ಹದಿನಾರನೆಯ ದಿನ ಬಿಳಿ ರಕ್ತಕಣ ಏರಿತು. ನರ್ಸ್ ಬಂದು ಹೇಳಿದಾಗ ಭಾವ ಕಾರಿಡಾರಿನಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಅಕ್ಕನದು ಓ ಗುಂಪು, ನನ್ನದು ಬಿ. ಇನ್ನು ಕೆಲವು ತಿಂಗಳಲ್ಲಿ ಅವಳದ್ದೂ ಬಿ ಆಗುತ್ತದೆ ಎಂದು ಡಾಕ್ಟರು ಹೇಳಿದರು. ಅಕ್ಕ ಗಾಜಿನ ಆಚೆಯಿಂದ ಫೋನಿನಲ್ಲಿ ನಕ್ಕಳು.

"ಇನ್ನು ನಂಗೆ ಸಿಟ್ಟು ಬಂದ್ರೆ ಅದು ನಿನ್ನ ರಕ್ತದ ತಪ್ಪು, ಸವಿತಾ."

ಬಿಡುಗಡೆಯ ದಿನ ಕಸಿ ಮಾಡಿದ ಡಾಕ್ಟರಮ್ಮ ನಮ್ಮನ್ನು — ಭಾವ, ನನ್ನ ಆಯಿ ಅಂದರೆ ನಿನ್ನ ಅಮ್ಮಮ್ಮ, ಮತ್ತು ನನ್ನನ್ನು — ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಅವರ ಮಾತು ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ, ಯಾಕೆಂದರೆ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿಯನ್ನು ಅದು ಮುಚ್ಚಿಬಿಟ್ಟಿದೆ.

"ಈಗ ಅವರೊಳಗಿರುವ ಮಜ್ಜೆ ಹುಟ್ಟಿದ ಮಗುವಿನ ಹಾಗೆ. ಅದಕ್ಕೆ ಯಾವ ಕಾಯಿಲೆಯ ಪರಿಚಯವೂ ಇಲ್ಲ. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆ ಕೂಡ ಅಳಿಸಿಹೋಗಿದೆ. ನಿಮಗೆ ಎರಡು ದಿನದ ನೆಗಡಿ, ಅವರಿಗೆ ನ್ಯುಮೋನಿಯಾ. ಲ್ಯುಕೇಮಿಯಾ ಮರಳದ ಹಾಗೆ ನಾವು ನೋಡಿಕೊಳ್ತೇವೆ. ವೈರಸ್ ಹತ್ತಿರ ಸುಳಿಯದ ಹಾಗೆ ನೀವು ನೋಡಿಕೊಳ್ಳಿ. ಎಷ್ಟೋ ಜನ ರೋಗ ಗೆದ್ದು ಸೋಂಕಿಗೆ ಸೋಲ್ತಾರೆ."

ಒಳಗೆ ಮೊದಲೇ ಮಲಗಿರುವ ವೈರಸ್ಸೂ ಏಳಬಹುದು ಎಂದು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡುತ್ತಿದ್ದರು. ಒಮ್ಮೆ ಹಾಗೆ ಒಂದು ಎದ್ದಿತು, ಮಾತ್ರೆ ಕೊಟ್ಟು ಮಲಗಿಸಿದರು. ಆ ಮೂರು ವಾರ ಅಕ್ಕನ ರಕ್ತಕಣ ಮತ್ತೆ ಕುಸಿದದ್ದನ್ನು ನೋಡಿದ್ದೇನೆ. ಗಾಳಿಯಲ್ಲಿ ಬಂದು ಹೋಗುವ ಅಷ್ಟು ಸಣ್ಣದೊಂದು ಜೀವಿ ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಹೇಗೆ ಅಲುಗಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡವಳು ನಾನು.

ನಾಲ್ಕು ತಿಂಗಳ ಮೇಲೆ ಅವಳನ್ನು ಶಿರಸಿಗೆ ಕರೆತಂದರು. ಯಲ್ಲಾಪುರದ ಮನೆ ಸ್ಟುಡಿಯೋ ಮೇಲೆಯೇ, ಜನ ಓಡಾಡುವ ಜಾಗ. ಅದಕ್ಕಾಗಿ ಹುಲೇಕಲ್ ರಸ್ತೆಯಲ್ಲಿ ಒಂದು ಮನೆಯ ಮಾಳಿಗೆ ಬಾಡಿಗೆಗೆ ಹಿಡಿದರು. ಆಯಿ ಬಂದು ಅಡುಗೆಗೆ ನಿಂತಳು. ನಿನ್ನನ್ನು ಆ ವರ್ಷ ಶಿರಸಿಯ ಶಾಲೆಗೆ ಸೇರಿಸಿದರು. ನಿನಗೆ ನೆನಪಿರಬಹುದು — ನೀನು ಶಾಲೆಯಿಂದ ಬಂದವಳು ಬಾಗಿಲಲ್ಲೇ ಸಮವಸ್ತ್ರ ಬಿಚ್ಚಿ, ಸ್ನಾನ ಮಾಡಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಮ್ಮನ ಕೋಣೆಯ ಹೊಸ್ತಿಲಲ್ಲಿ ಕೂತು ಮಗ್ಗಿ ಒಪ್ಪಿಸುತ್ತಿದ್ದೆ. ಹೊಸ್ತಿಲು ದಾಟುವ ಹಾಗಿರಲಿಲ್ಲ. ನೀನು ದಾಟುತ್ತಲೂ ಇರಲಿಲ್ಲ. ಬಂದವರಿಗೆಲ್ಲ ಭಾವ ಮೊದಲು ಕಂಕುಳಲ್ಲಿ ಥರ್ಮಾಮೀಟರ್ ಇಡಿಸುತ್ತಿದ್ದರು. ಕೋವಿಡ್ಡಿನ ಮೊದಲಿನ ಕಾಲ ಅದು, ನೆಂಟರು ಬೇಜಾರು ಮಾಡಿಕೊಂಡು ಹೋಗುತ್ತಿದ್ದರು.

ಈಗ ನನ್ನ ಬಗ್ಗೆ ಹೇಳಬೇಕು. ಇದು ಸುಲಭವಲ್ಲ.

ಚಿಕ್ಕಂದಿನಿಂದ ಮನೆಯಲ್ಲಿ ಅಕ್ಕ ಅಕ್ಕನೇ. ಚೆಂದದವಳು, ಚೂಟಿ, ಹತ್ತು ಜನರ ನಡುವೆ ನಕ್ಕು ನಗಿಸುವವಳು. ನಾನು ಮಾಲಿನಿಯ ತಂಗಿ. ಅವಳ ಮದುವೆಯಾಯಿತು, ನೀನು ಹುಟ್ಟಿದೆ, ನಾನು ಸಿದ್ದಾಪುರದಲ್ಲಿ ಒಬ್ಬಳೇ ಬಾಡಿಗೆ ಮನೆ ಮಾಡಿಕೊಂಡು ಪಾಠ ಹೇಳುತ್ತ ಉಳಿದೆ. ಅದರ ಬಗ್ಗೆ ನನಗೆ ದೂರಿರಲಿಲ್ಲ, ಅಥವಾ ಇಲ್ಲ ಎಂದುಕೊಂಡಿದ್ದೆ. ಆದರೆ ಮಜ್ಜೆ ಕೊಟ್ಟ ಮೇಲೆ ಎಲ್ಲ ಬದಲಾಯಿತು. ಆಯಿ ನನಗೆ ಮೊದಲು ಬಡಿಸತೊಡಗಿದಳು. ಭಾವ ನನ್ನ ಕಾಲು ಮುಟ್ಟಲು ಬಗ್ಗಿದ್ದರು ಒಮ್ಮೆ. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸು ಕೈ ಹಿಡಿದು, ಅಕ್ಕನ್ನ ಉಳಿಸಿದವಳು ನೀನೇ ಅಲ್ದಾ ಎಂದು ಕೇಳಿದಳು. ಆ ರುಚಿ — ಹೌದು, ಅದನ್ನು ರುಚಿ ಎಂದೇ ಕರೆಯಬೇಕು — ನನಗೆ ಹತ್ತಿಬಿಟ್ಟಿತ್ತು.

ಹೀಗಿರುವಾಗ ಒಂದು ಬುಧವಾರ ಅಕ್ಕನ ಫೋನ್ ಬಂತು. ತಪಾಸಣೆಗೆ ಹೋದಾಗ, ಆರೋಗ್ಯವಾಗಿರುವ ಮನೆಯವರ ಜೊತೆ ಕೂತು ಊಟ ಮಾಡಬಹುದು ಎಂದಿದ್ದಾರಂತೆ.

"ಭಾನುವಾರ ಬಾ ಮಾರಾಯ್ತಿ. ಆನೇ ಒಲೆ ಹತ್ರ ನಿಂತು ತೆಳ್ಳೇವು ಎರೆತೆ. ಮೊದಲ್ನೇ ಊಟ ನಿನ್ನ ಜೊತೆಗೇ. ನೀ ಬಾರದೇ ಆನು ಯಾರ ಜೊತೆಗೂ ಉಣ್ತ್ನಿಲ್ಲೆ."

ಶುಕ್ರವಾರ ಮಧ್ಯಾಹ್ನ ಶಾಲೆಯಲ್ಲೇ ನನಗೆ ಮೈ ಕೈ ನೋವು ಶುರುವಾಯಿತು. ಸಂಜೆಗೆ ಜ್ವರ. ಶನಿವಾರ ಬೆಳಿಗ್ಗೆ ಸಿದ್ದಾಪುರದ ಡಾಕ್ಟರ ಹತ್ತಿರ ಹೋದೆ. ಅವರು ನಾಲಿಗೆ ನೋಡಿ, ಎದೆ ನೋಡಿ, "ಟೀಚರೇ, ನಿಮ್ಮ ಶಾಲೆ ಮಕ್ಕಳು ವಾರದಿಂದ ಇದೇ ಜ್ವರ ತಗೊಂಡು ಬರ್ತಾ ಇದ್ದಾರೆ. ಫ್ಲೂ ಇದ್ದ ಹಾಗಿದೆ. ಐದು ದಿನ ಮನೇಲೇ ಇರಿ, ವಯಸ್ಸಾದವರು, ಕಾಯಿಲೆಯವರು ಇದ್ದಲ್ಲಿ ಹೋಗಬೇಡಿ" ಎಂದರು. ಚೀಟಿಯಲ್ಲೂ ಹಾಗೇ ಬರೆದರು.

ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಮನೆಗೆ ನಡೆದೆ. ಅಕ್ಕನಿಗೆ ಫೋನ್ ಮಾಡಿ, ಮುಂದಿನ ವಾರ ಬರುತ್ತೇನೆ ಎಂದರೆ ಮುಗಿಯುತ್ತಿತ್ತು. ಫೋನ್ ಕೈಗೆತ್ತಿಕೊಂಡೆ ಕೂಡ. ಆಗ ಅನ್ನಿಸಿದ್ದು — ಅಕ್ಕ ಏನೇ ಮಾತು ಕೊಟ್ಟಿದ್ದರೂ, ನಾನು ಹೋಗದಿದ್ದರೆ ಮೊದಲನೆಯ ಊಟ ಬೇರೆ ಯಾರ ಜೊತೆಗೋ ಆಗಿಬಿಡುತ್ತದೆ. ನನ್ನ ಮಣೆಯ ಮೇಲೆ ಬೇರೆ ಯಾರೋ. ಇಷ್ಟೇ, ಭೂಮಿಕಾ. ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಎರಡು ಜ್ವರದ ಮಾತ್ರೆ ನುಂಗಿದೆ. ಒಂದಲ್ಲ, ಎರಡು — ಭಾವನ ಥರ್ಮಾಮೀಟರ್ ನನ್ನ ತಲೆಯಲ್ಲಿತ್ತು. ಶಿರಸಿಯಲ್ಲಿ ಇಳಿಯುವಾಗ ಬೆವರು ಬಿಟ್ಟಿತ್ತು. ಮಾಳಿಗೆಯ ಮೆಟ್ಟಿಲು ಹತ್ತಿದೆ. ಭಾವ ಬಾಗಿಲಲ್ಲೇ ಥರ್ಮಾಮೀಟರ್ ಹಿಡಿದು ನಿಂತಿದ್ದರು, ನಾಚಿಕೆಯಿಂದ ನಗುತ್ತ. ನನ್ನನ್ನು ಹೀಗೆ ತಡೆಯುವುದು ಅವರಿಗೇ ಸಂಕೋಚ. ಕಂಕುಳಲ್ಲಿಟ್ಟೆ. ತೆಗೆದು ನೋಡಿದರು. ಸರಿಯಾಗಿತ್ತು. ಆದರೂ ಕೇಳಿದರು.

"ಶೀತ, ಜ್ವರ ಎಂತೂ ಇಲ್ಲೆ ಅಲ್ದಾ, ಸವಿತಾ?"

"ಇಲ್ಲೆ, ಭಾವ."

ಅಷ್ಟೇ ಮಾತು. ನಾನು ಒಳಗೆ ಹೋದೆ.

ಊಟ ಮುಗಿಯುವ ತನಕ ಬಾಯಿಗೆ ಕಟ್ಟಿದ ಮಾಸ್ಕ್ ತೆಗೆಯುವುದಿಲ್ಲ ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿದ್ದೆ. ಮಾಸ್ಕ್ ಕಟ್ಟಿಕೊಂಡು ಊಟ ಹೇಗೆ ಮಾಡುತ್ತಾರೆ — ಅದನ್ನು ಯೋಚಿಸಿರಲಿಲ್ಲ, ಅಥವಾ ಯೋಚಿಸಲು ಮನಸ್ಸು ಕೊಡಲಿಲ್ಲ. ಅಕ್ಕ ತಲೆಗೆ ಹೊಸದಾಗಿ ಬಂದ ಗಿಡ್ಡ ಕೂದಲಿನ ಮೇಲೆ ಹತ್ತಿಯ ರುಮಾಲು ಕಟ್ಟಿಕೊಂಡು ಕಾವಲಿಯ ಮುಂದೆ ನಿಂತಿದ್ದಳು. ತೆಳ್ಳೇವಿನ ತೆಳು ದೋಸೆ ಎರೆದು, ಮಡಚಿ, ಬೆಲ್ಲದ ಪಾಕದಲ್ಲಿ ಅದ್ದಿ ಮೊದಲ ತುತ್ತು ನನ್ನ ಬಾಯಿಗೇ ಇಟ್ಟಳು. ನಾನು ಮಾಸ್ಕ್ ಇಳಿಸಿದೆ. ಅವಳ ಮುಖ ನನ್ನ ಮುಖದಿಂದ ಗೇಣು ದೂರ. ನನಗೆ ಗಂಟಲು ಕೆರೆಯಿತು, ಕೆಮ್ಮು ನುಂಗಿಕೊಂಡೆ, ಎರಡನೆಯ ಸಲ ನುಂಗಲಾಗಲಿಲ್ಲ.

ಅಕ್ಕ ನನ್ನ ಕೈ ಹಿಡಿದಳು. "ನಿನ್ನ ಕೈ ಬಿಸಿ ಇದ್ದಲೇ."

"ಬಿಸಿಲಲ್ಲಿ ಬಂದದ್ದಲ್ದಾ," ಎಂದೆ.

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಕೈ ಬಿಡದೆ, ಇನ್ನೊಂದು ತೆಳ್ಳೇವು ಹಾಕಿದಳು. ಅವಳಿಗೆ ಅನುಮಾನ ಬಂದಿತ್ತೇ? ಬಂದಿದ್ದರೂ ತಂಗಿಗೆ ಬೇಜಾರಾದೀತೆಂದು ಸುಮ್ಮನಾದಳೇ? ಎಂಟು ವರ್ಷದಿಂದ ಆ ಒಂದು ಗಳಿಗೆಯ ನೋಟ — ಬೇಡ. ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ನೀನು ಹೊಸ್ತಿಲಲ್ಲಿ ಕೂತಿದ್ದೆ. ಹೊರಡುವಾಗ ನಿನ್ನನ್ನು ಎತ್ತಿ ಅಪ್ಪಿಕೊಂಡೆ, ಕೆನ್ನೆಗೆ ಮುತ್ತಿಟ್ಟೆ. ಮಂಗಳವಾರ ನಿನಗೆ ಮೂಗು ಸೋರಲು ಶುರುವಾಯಿತು. ಆ ಶೀತ ಕೂಡ ಶಾಲೆಯಿಂದ ಬಂದದ್ದಲ್ಲ, ಕೂಸೇ. ಅದೂ ನನ್ನದೇ.

ಬುಧವಾರ ಅಕ್ಕನಿಗೆ ಮೈ ಬೆಚ್ಚಗಾಯಿತು. ಗುರುವಾರ ಕೆಮ್ಮು. ಶುಕ್ರವಾರ ಬೆಳಿಗ್ಗೆ ಆಯಿ ನನಗೆ ಫೋನ್ ಮಾಡಿದಳು. ನಾನು ಬಂದು ತಲುಪುವಾಗ ಅಕ್ಕ ದಿಂಬಿಗೆ ಒರಗಿ ಕೂತು ಉಸಿರು ಎಳೆಯುತ್ತಿದ್ದಳು. ಆಂಬುಲೆನ್ಸ್ ದಾರಿಯಲ್ಲಿತ್ತು. ಭಾವ ಬೆಂಗಳೂರಿನ ಡಾಕ್ಟರಮ್ಮನ ಜೊತೆ ಫೋನಿನಲ್ಲಿದ್ದರು, ಸ್ಪೀಕರ್ ಹಾಕಿದ್ದರು.

"ಮನೆಯಲ್ಲಿ ಯಾರಿಗಾದರೂ ಶೀತ, ಜ್ವರ ಇತ್ತಾ? ಬಂದು ಹೋದವರಿಗೆ? ನೆನಪು ಮಾಡಿಕೊಂಡು ಹೇಳಿ, ಇದು ಮುಖ್ಯ."

ನಾನು ಅಕ್ಕನ ಬಟ್ಟೆ ಬ್ಯಾಗಿಗೆ ತುಂಬುತ್ತಿದ್ದೆ. ಬಾಯಿ ತೆರೆದೆ, ಖಂಡಿತ ತೆರೆದೆ. ಅಷ್ಟರಲ್ಲಿ ಆಯಿ ಅಡುಗೆಮನೆಯಿಂದಲೇ ಹೇಳಿದಳು, "ಕೂಸಿಗೆ ಮೂಗು ಸೋರ್ತಾ ಇತ್ತು, ಮಂಗಳವಾರದಿಂದ."

ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಯಾರೂ ಬೈಯಲಿಲ್ಲ. ಯಾರೂ ಏನನ್ನೂ ಕೇಳಲಿಲ್ಲ. ನೀನೇ ಹೇಳಿದೆ, ಬಿಕ್ಕುತ್ತ.

"ಮಂಗಳವಾರ ಆನು ಒಳಗೆ ಹೋಗಿ ಅಮ್ಮನ್ನ ಅಪ್ಪಿಕೊಂಡೆ... ಬೇಡ ಹೇಳಿದ್ರೂ. ಒಂದೇ ಸಲ."

ಭಾವ ಗೋಡೆಯ ಕಡೆ ಮುಖ ತಿರುಗಿಸಿದರು. ಡಾಕ್ಟರಮ್ಮ ಆ ಕಡೆಯಿಂದ, "ಸರಿ, ಮಗುವಿನಿಂದ ಬಂದಿರಬಹುದು" ಎಂದರು. ನಾನು ಬ್ಯಾಗಿನ ಜಿಪ್ ಎಳೆದೆ.

ಮಂಗಳವಾರ ಹೊತ್ತಿಗೆ ನಿನ್ನ ಅಮ್ಮನೊಳಗೆ ನನ್ನ ಜ್ವರ ಹೊಕ್ಕು ಎರಡು ದಿನವಾಗಿತ್ತು. ನನಗೆ ಲೆಕ್ಕ ಬರುತ್ತದೆ. ಬಟ್ಟೆ ಮಡಚುತ್ತಲೇ ಈ ಲೆಕ್ಕ ಮಾಡಿ ಮುಗಿಸಿದ್ದೆ, ಒಂಬತ್ತು ವರ್ಷದ ನೀನು ಅಳುತ್ತಿರುವಾಗ. ಆಂಬುಲೆನ್ಸ್ ಹೋದ ಮೇಲೆ, ಮರುದಿನ ಬೆಂಗಳೂರಿಗೆ ಹೊರಡುವ ಮೊದಲು ಸಿದ್ದಾಪುರಕ್ಕೆ ಹೋಗಿ ಆ ಡಾಕ್ಟರ ಚೀಟಿಯನ್ನು ಬಚ್ಚಲ ಒಲೆಗೆ ಹಾಕಿದೆ.

ಅಕ್ಕನ ಗಂಟಲಿನ ದ್ರವದಲ್ಲಿ ಫ್ಲೂ ಸಿಕ್ಕಿತು. ಔಷಧ ಶುರುಮಾಡಿದರು, ಆದರೆ ಅದಾಗಲೇ ಎರಡೂ ಶ್ವಾಸಕೋಶ ಹಿಡಿದಿತ್ತು. ಒಂದು ಮಧ್ಯಾಹ್ನ ಡಾಕ್ಟರಮ್ಮ ನನಗೆ ಹೇಳಿದರು — ಫ್ಲೂ ಇದ್ದವರ ಹತ್ತಿರ ಹೋಗಿದ್ದಾರೆ ಎಂದು ಅವತ್ತೇ ಗೊತ್ತಾಗಿದ್ದರೆ, ಜ್ವರ ಬರುವ ಮೊದಲೇ ಮಾತ್ರೆ ಕೊಡಬಹುದಿತ್ತು, ಬಹುಶಃ ಇಷ್ಟಕ್ಕೆ ಬರುತ್ತಿರಲಿಲ್ಲ, ಮಗು ಪಾಪ, ಅದಕ್ಕೇನು ತಿಳಿಯುತ್ತೆ. ಅಂದರೆ ಭಾನುವಾರ ಸಂಜೆ ನಾನು ಫೋನ್ ಮಾಡಿ ಒಪ್ಪಿಕೊಂಡಿದ್ದರೂ ಸಾಕಿತ್ತು. ಸೋಮವಾರ ಆಗಿದ್ದರೂ. ಸೋಂಕು ತಂದದ್ದು ಒಂದು ತಪ್ಪು, ಮುಚ್ಚಿಟ್ಟದ್ದು ಇನ್ನೊಂದು. ಯಾವುದು ಅವಳನ್ನು ಕೊಂದಿತು ಎಂದು ಬಿಡಿಸಿ ಹೇಳಲು ನನ್ನಿಂದ ಆಗದು. ಅವರು ನನಗೆ ಇದನ್ನು ಹೇಳುವಾಗ ಎದುರಿಗಿದ್ದ ನಾನು ತಲೆಯಾಡಿಸಿದೆ.

ಆಮೇಲಿನದು ಒಂದರ ಹಿಂದೊಂದು. ಶ್ವಾಸಕೋಶಕ್ಕೆಂದು ಕೊಟ್ಟ ಔಷಧದಿಂದ ಮೊದಲಿನ ಆ ಮಲಗಿದ್ದ ವೈರಸ್ ಮತ್ತೆ ಎದ್ದಿತು. ಅದಕ್ಕೆಂದು ಕೊಟ್ಟದ್ದರಿಂದ ರಕ್ತಕಣ ಇಳಿಯಿತು. ಲ್ಯುಕೇಮಿಯಾ ಮರಳಿತೇನೋ ಎಂದು ಮಜ್ಜೆ ತೆಗೆದು ಪರೀಕ್ಷಿಸಿದರು. ನಾನು ದೇವರಲ್ಲಿ ಬೇಡಿದ್ದೇನು ಗೊತ್ತೇ? ರೋಗ ಮರಳಿರಲಿ ಎಂದು. ಮರಳಿದ್ದರೆ ತಪ್ಪು ರೋಗದ ಮೇಲೆ ಹೋಗುತ್ತಿತ್ತು. ಒಡಹುಟ್ಟಿದವಳ ಕ್ಯಾನ್ಸರ್ ಮರಳಲಿ ಎಂದು ಬೇಡಿಕೊಂಡವಳು ನಿನ್ನ ಚಿಕ್ಕಿ.

ಮರಳಿರಲಿಲ್ಲ. ವರದಿ ಬಂದಾಗ ಡಾಕ್ಟರಮ್ಮ ಭಾವನಿಗೆ ಹೇಳಿದ ಮಾತು: "ಲ್ಯುಕೇಮಿಯಾ ಎಲ್ಲೂ ಇಲ್ಲ. ತಂಗಿಯ ಮಜ್ಜೆ ಚೆನ್ನಾಗಿ ಬೇರುಬಿಟ್ಟಿದೆ. ಅದಕ್ಕೇ ನಮಗೂ ಸಂಕಟ."

ಆಸ್ಪತ್ರೆ ಸೇರಿದ ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ಹೋದಳು. ಕೊನೆಯ ಒಂಬತ್ತು ದಿನ ಬಾಯಲ್ಲಿ ಉಸಿರಾಟದ ನಳಿಕೆ ಇತ್ತು. ಅವಳು ಏನಾದರೂ ಹೇಳಬೇಕೆಂದಿದ್ದರೂ ಹೇಳುವ ಹಾಗಿರಲಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ಬಂದ ನೆಂಟರು ಕೈತೊಳೆಯುವ ಕಡೆ ನಿಂತು ಮಾತಾಡುತ್ತಿದ್ದರು. "ಕೂಸಿನಿಂದಲೇ ತಾಗಿದ್ದಡ. ಪಾಪ, ಅದಕ್ಕೆಂತ ಗೊತ್ತು." ನೀನು ಅಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಪಾಪ ಎನ್ನುತ್ತಲೇ ಅದನ್ನು ನಿನ್ನ ಹಣೆಗೆ ಬರೆದರು. ಆ ಮಾತನ್ನು ಅಲ್ಲೇ ಅಳಿಸಬಹುದಾಗಿದ್ದವಳು ನಾನು. ಎಲೆ ಎತ್ತುತ್ತಿದ್ದೆ.

ಮುಂದಿನ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನ ಮಾಡಿದರು, ಮಜ್ಜೆ ದಾನ ಮಾಡಿದ ಶಿಕ್ಷಕಿ ಎಂದು. ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ ಎಂಬ ಹೆದರಿಕೆ — ಆ ಹೆದರಿಕೆಯ ಅಡಿಯಲ್ಲಿ ಒಂದು ಚೂರು ಆಸೆ ಇರಲಿಲ್ಲವೆಂದು ನಾನು ಆಣೆ ಮಾಡಲಾರೆ. ಶಾಲು ಹೊದಿಸುವಾಗ ಆಯಿಯ ಪಕ್ಕ ಕೂತಿದ್ದ ನೀನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಕೋವಿಡ್ ಬಂದಾಗ ನಿನಗೆ ಹನ್ನೊಂದು. ಯಲ್ಲಾಪುರದ ಮನೆಯ ಹಿಂದಿನ ಕೋಣೆಗೆ ಸೇರಿಕೊಂಡು ಬಾಗಿಲು ಹಾಕಿಕೊಂಡೆಯಂತೆ. ಭಾವ ತಟ್ಟೆಯನ್ನು ಬಾಗಿಲ ಹೊರಗಿಟ್ಟರೆ ಅವರು ಹೋದ ಮೇಲೆ ತೆಗೆದುಕೊಳ್ಳುತ್ತಿದ್ದೆ. ನಿನಗೆ ಯಾವ ಸೋಂಕೂ ಇರಲಿಲ್ಲ. ಬೇರೆ ಮಕ್ಕಳು ಕಾಯಿಲೆ ಬಂದೀತೆಂದು ಹೆದರಿದರು, ನೀನು ಕೊಟ್ಟುಬಿಟ್ಟೇನೆಂದು ಹೆದರಿದೆ. ಕೈ ತೊಳೆದು ತೊಳೆದು ಬೆರಳ ಸಂದಿ ಒಡೆದು ರಕ್ತ ಬರುತ್ತಿತ್ತು. ಭಾವ ಫೋನಿನಲ್ಲಿ, ಯಾವ ಮುಲಾಮು ಹಚ್ಚಬೇಕು ಎಂದು ನನ್ನನ್ನು ಕೇಳಿದರು. ನಾನು ಮುಲಾಮಿನ ಹೆಸರು ಹೇಳಿದೆ.

ಈ ವರ್ಷ ಮಾಘದಲ್ಲಿ ನಿನ್ನ ಅಮ್ಮಮ್ಮ — ನನ್ನ ಆಯಿ — ಸಿದ್ದಾಪುರದ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಳು. ವಯಸ್ಸಿನ ಕಾಯಿಲೆ, ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದ್ದರು. ನೀನು ಶಿರಸಿಯ ಹಾಸ್ಟೆಲ್ಲಿನಿಂದ ಬಸ್ ಹತ್ತಿ ಸಿದ್ದಾಪುರಕ್ಕೆ ಬಂದೆ. ಬಂದವಳು ಅಂಗಳದಲ್ಲೇ ನಿಂತೆ. ಒಳಗಿನಿಂದ ಆಯಿ, "ಕೂಸು ಬಂತಾ? ಇಲ್ಲಿ ಬರಲಿ" ಎಂದು ಕೈ ಚಾಚಿ ಕರೆಯುತ್ತಿದ್ದಳು. ನಾನು ಹೊರಗೆ ಬಂದು, ಬಾ ಎಂದೆ.

"ಆನು ಒಳಗೆ ಬತ್ನಿಲ್ಲೆ, ಚಿಕ್ಕಿ. ನಂಗೆ ನಿನ್ನೆಯಿಂದ ಗಂಟಲು ಕೆರಿತಾ ಇದ್ದು," ಎಂದೆ ನೀನು. ಆಮೇಲೆ ನೆಲ ನೋಡುತ್ತ, "ಇನ್ನೊಬ್ಬರನ್ನ ಕೊಲ್ಲಲೆ ನನ್ನತ್ರ ಆಗ್ತಿಲ್ಲೆ" ಎಂದೆ.

ನಿನ್ನ ದನಿಯಲ್ಲಿ ಅಳು ಇರಲಿಲ್ಲ. ಎಷ್ಟೋ ವರ್ಷದಿಂದ ಒಪ್ಪಿಕೊಂಡು ಮುಗಿಸಿದ ಸಂಗತಿಯ ಹಾಗೆ ಹೇಳಿದೆ. ಅಲ್ಲಿ, ಆ ಅಂಗಳದಲ್ಲಿ ಕೂಡ ನಾನು ಹೇಳಲಿಲ್ಲ. ನೀನು ಕಿಟಕಿಯಿಂದ ಅಮ್ಮಮ್ಮನಿಗೆ ಕೈ ಬೀಸಿ ಹೋದೆ. ಮೂರನೆಯ ದಿನ ಬೆಳಿಗ್ಗೆ ಆಯಿ ತೀರಿಕೊಂಡಳು, ಮೊಮ್ಮಗಳ ಕೈ ಹಿಡಿಯದೆ, ಆ ತಪ್ಪು ನಿನ್ನದೆಂದೇ ನಂಬಿಕೊಂಡು. ಅವಳಿಗೆ ಇನ್ನು ಯಾರೂ ತಿಳಿಸಿ ಹೇಳುವಂತಿಲ್ಲ.

ಹೋದ ಭಾನುವಾರ ಯಲ್ಲಾಪುರಕ್ಕೆ ಹೋಗಿ ಭಾವನಿಗೆ ಎಲ್ಲವನ್ನೂ ಹೇಳಿದೆ. ಅವರು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದರು. ನಾನು ಮಾತಾಡುವಾಗಲೂ ಕತ್ತರಿಸುತ್ತಲೇ ಇದ್ದರು. ಹಾಳೆ ಮುಗಿಯಿತು. ಆಮೇಲೆ ಕತ್ತರಿ ಕೆಳಗಿಟ್ಟರು.

"ಎಂಟು ವರ್ಷ ಆನು ಅದರ ಮುಖ ನೋಡಿ ಸರಿಯಾಗಿ ಮಾತಾಡಿದ್ನಿಲ್ಲೆ. ಗೊತ್ತಿದ್ದಾ ನಿಂಗೆ? ಸಣ್ಣ ಕೂಸು. ಬೈದಿದ್ನಿಲ್ಲೆ, ಹೊಡೆದಿದ್ನಿಲ್ಲೆ. ಮುಖ ಮಾತ್ರ ನೋಡಲಾಗ್ತಿರಲ್ಲೆ."

ಅವರು ಕತ್ತರಿಸಿದ ಫೋಟೋಗಳನ್ನು ಲಕೋಟೆಗೆ ತುಂಬಿದರು.

"ಅದಕ್ಕೆ ನೀನೇ ಹೇಳು. ಆನು ಹೇಳ್ತ್ನಿಲ್ಲೆ. ಹೇಳಿ ಆದ ಮೇಲೆ ನಮ್ಮನೆ ಮೆಟ್ಟಿಲು ಹತ್ತಡ."

ಹತ್ತುವುದಿಲ್ಲ ಎಂದು ಹೇಳಿ ಬಂದೆ. ಅವರು ಅಷ್ಟಾದರೂ ಹೇಳಿದ್ದು ನನಗೆ ಸರಿಯೆನ್ನಿಸಿತು.

ಬರುವ ಭಾನುವಾರ ಬೆಳಿಗ್ಗೆ ಹಾಸ್ಟೆಲ್ಲಿಗೆ ಬಂದು ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಬಾಯಲ್ಲೇ ಹೇಳಬಹುದಿತ್ತು, ಆದರೆ ಹೇಳುವಾಗ ನನಗೆ ಅಳು ಬಂದರೆ ನೀನು ನನ್ನನ್ನೇ ಸಮಾಧಾನ ಮಾಡಲು ಕೂರುತ್ತೀಯೆ. ನೀನು ಅಂಥವಳು. ಅದಕ್ಕೆ ನಾನು ಅರ್ಹಳಲ್ಲ. ನೀನು ಓದಿ ಮುಗಿಸುವ ತನಕ ಗೇಟಿನ ಹತ್ತಿರ ನಿಂತಿರುತ್ತೇನೆ. ಏನು ಕೇಳಿದರೂ ಉತ್ತರಿಸುತ್ತೇನೆ. ಏನೂ ಕೇಳದೆ ಒಳಗೆ ಹೋದರೂ ಸರಿ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಇನ್ನೊಂದು ಭಾರ ನಿನ್ನ ಮೇಲೇ ಬೀಳುತ್ತದೆ.

ಮುಂದಿನ ತಿಂಗಳು ಅಕ್ಕನ ತಿಥಿ. ನೆಂಟರು ಸೇರುತ್ತಾರೆ, ಅವತ್ತು ಕೈತೊಳೆಯುವಲ್ಲಿ ನಿಂತು ಮಾತಾಡಿದವರೂ. ನಾನು ಮನೆಯೊಳಗೆ ಬರುವುದಿಲ್ಲ. ಸ್ಟುಡಿಯೋ ಮುಂದಿನ ರಸ್ತೆಯಲ್ಲಿ ನಿಂತು, ಬಂದು ಹೋಗುವ ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳುತ್ತೇನೆ. ಬರದವರ ಮನೆಗೆ ಹೋಗಿ ಹೇಳುತ್ತೇನೆ. ನೀನು ಅಲ್ಲಿರಬೇಕೆಂದಿಲ್ಲ.

ಆಮೇಲೂ ಎಲ್ಲಾದರೂ, ಯಾರಾದರೂ, ಆ ಶೀತ ನಿನ್ನಿಂದ ಬಂತು ಎಂದರೆ ಸುಮ್ಮನಿರಬೇಡ, ಭೂಮಿಕಾ. ನನ್ನ ಹೆಸರು ಹೇಳು. ಚಿಕ್ಕಿ ಎನ್ನಬೇಡ, ಸವಿತಾ ಎಂದು ಹೆಸರೇ ಹಿಡಿದು ಹೇಳು.